ಡಾಕ್ಟರಮ್ಮನ ಕಾರಿನ ನಾಲ್ಕು ಬುಷ್‌ಗಳು

ಗಾಡಿಗಳ ಹಿಂಭಾಗದ ಕೆಲಸ ಮಾಡಿಕೊಂಡೇ ನಾನು ಬದುಕು ಕಳೆದೆ. ಎಂಜಿನ್ ಮುಟ್ಟಿದ್ದು ಕಡಿಮೆ. ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇರುವ ಕಮಾನು ಪಟ್ಟಿ, ಸುರುಳಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಬುಷ್ಷು ಇವೇ ನನ್ನ ಅನ್ನ. ಮಧುಗಿರಿಯಲ್ಲಿ ನನ್ನನ್ನು ಯಾರೂ ಮೆಕ್ಯಾನಿಕ್ ಅನ್ನುತ್ತಿರಲಿಲ್ಲ, ಕಮಾನು ಜುಂಜಣ್ಣ ಅನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಈಗ ಕೈಯಲ್ಲಿ ಪಾನಾ ತಿರುಗಿಸುವ ಶಕ್ತಿ ಇಲ್ಲ, ಪೆನ್ನು ಹಿಡಿಯುವಷ್ಟು ಇದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಬಂದು ಯಾವ ಗಾಡಿಗೆ ಎಷ್ಟು ಪಟ್ಟಿ, ಯಾವ ಅಳತೆಯ ಬೋಲ್ಟು ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕೂತಿದ್ದೇನೆ. ಅದರಲ್ಲಿ ಒಂದು, ನಾನು ನನ್ನ ಅಣ್ಣನಿಗೆ ಮಾಡಿದ ಅನ್ಯಾಯ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಬರೆಯುತ್ತಾ ಹೋದ ಹಾಗೆ ಅದನ್ನು ದಾಟಿಕೊಂಡು ಹೋಗುವ ಉಪಾಯವೂ ನನಗೆ ಗೊತ್ತು.

ನಮ್ಮದು ಬುಕ್ಕಾಪಟ್ಟಣದ ಕಡೆಯ ಒಂದು ಹಟ್ಟಿ. ಕುರಿ ಕಾಯುವ ಮನೆತನ. ಅಣ್ಣ ಚಿತ್ತಯ್ಯ ನನಗಿಂತ ಆರು ವರ್ಷ ದೊಡ್ಡವನು. ಹಟ್ಟಿಯಿಂದ ಮೊದಲು ಹೊರಬಿದ್ದವನು ಅವನೇ. ಶಿರಾದಲ್ಲಿ ಶಿವಣ್ಣನವರ ಲೇತ್ ಅಂಗಡಿ ಸೇರಿ, ಕಬ್ಬಿಣವನ್ನು ಕೂದಲೆಳೆ ಲೆಕ್ಕದಲ್ಲಿ ಕಡೆಯುವ ಕೆಲಸ ಕಲಿತ. ಎಪ್ಪತ್ತರ ದಶಕದ ಮೊದಲಲ್ಲಿ ನನ್ನನ್ನು ಮಧುಗಿರಿಗೆ ಕರೆತಂದು ಬಾಷಾ ಮೇಸ್ತ್ರಿಯ ಮುಂದೆ ನಿಲ್ಲಿಸಿದವನೂ ಅವನೇ. ಮೇಸ್ತ್ರಿ ಶಿರಾದವರು, ಬಸ್ಸು ಲಾರಿಗಳ ಕಮಾನು ಕಟ್ಟುವುದರಲ್ಲಿ ನಾಲ್ಕು ತಾಲ್ಲೂಕಿಗೆ ಹೆಸರಾದವರು.

"ಏನು ಬರ್ತದೆ ಇವನಿಗೆ?" ಎಂದು ಮೇಸ್ತ್ರಿ ಕೇಳಿದರು.

"ಏನೂ ಬರಲ್ಲ ಸಾಬ್ರೇ. ಆದ್ರೆ ನೂರು ಕುರಿ ಹೋಗ್ತಾ ಇದ್ರೆ ಯಾವ್ದು ಯಾವ ಕಾಲು ಕುಂಟ್ತೈತೆ ಅಂತ ಹೇಳ್ತಾನೆ," ಎಂದ ಅಣ್ಣ.

ಮೇಸ್ತ್ರಿ ನಗಲಿಲ್ಲ. ಅದೇ ಹೊತ್ತಿಗೆ ರಸ್ತೆಯಲ್ಲಿ ಒಂದು ಬಸ್ಸು ಬರುತ್ತಿತ್ತು. ಇದು ಯಾವ ಕಾಲು ಕುಂಟುತ್ತೆ ಹೇಳು ಎಂದರು. ಹಿಂದಿನ ಎಡಗಾಲು ಎಂದೆ. ಮೇಸ್ತ್ರಿ ಬಸ್ಸನ್ನು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರು. ಎಡಗಡೆಯ ಕಮಾನಿನಲ್ಲಿ ಎರಡನೇ ಪಟ್ಟಿ ಸೀಳು ಬಿಟ್ಟಿತ್ತು. "ನಾಳೆಯಿಂದ ಬಾ," ಎಂದರು.

ಅಲ್ಲಿ ಕಲಿತ ಕೆಲಸ ಈಗಿನವರಿಗೆ ಹೇಳಿದರೆ ನಗುತ್ತಾರೆ. ಕುಸಿದ ಪಟ್ಟಿಯನ್ನು ಇದ್ದಿಲ ಕುಲುಮೆಯಲ್ಲಿ ಕಾಯಿಸಿ, ಹುಣಸೆ ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಬಾಗು ತರುತ್ತಿದ್ದೆವು. ಬಾಗು ಎಷ್ಟು ಎಂಬುದಕ್ಕೆ ಅಳತೆಗೋಲು ಇರಲಿಲ್ಲ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿ "ಬಸ್" ಅನ್ನುವವರೆಗೆ ಬಡಿಯಬೇಕು. ಅವರ ಕಣ್ಣು ಅಷ್ಟು ಖಚಿತ. ಆಮೇಲೆ ಯಂತ್ರದಲ್ಲಿ ಬಾಗಿಸಿದ ಹೊಸ ಪಟ್ಟಿಗಳು ತುಮಕೂರಿನಿಂದ ಕಟ್ಟು ಕಟ್ಟಾಗಿ ಬಂದವು, ಕುಲುಮೆ ತಣ್ಣಗಾಯಿತು. ಅದಕ್ಕೆ ನಾನು ಅಳಲಿಲ್ಲ. ಬೇಸಿಗೆಯಲ್ಲಿ ಮಧುಗಿರಿ ಬೆಟ್ಟದ ಬಂಡೆ ಕಾದು, ಅದರ ಝಳದಲ್ಲಿ ಕುಲುಮೆ ಊದಿದವನಿಗೆ ಹೊಸ ಯಂತ್ರ ಬಂದರೆ ಸಂತೋಷವೇ ಆಗುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ಆ ಕಾರ್ಖಾನೆಯಲ್ಲೇ ಆಯಿತು. ಒಂದು ಬಸ್ಸಿನ ಬಲಗಡೆಯ ಕಮಾನನ್ನು ನಾನು ಹಿಂದುಮುಂದು ಮಾಡಿ ಕೂರಿಸಿದೆ. ಕಮಾನಿನ ನಡು ಬೋಲ್ಟು ಸರಿಯಾಗಿ ನಡುವೆ ಇರುವುದಿಲ್ಲ, ಮುಂದಿನ ಅರ್ಧ ಸ್ವಲ್ಪ ಗಿಡ್ಡ ಇರುತ್ತದೆ. ಅದು ಗೊತ್ತಿದ್ದೂ ನೋಡಲಿಲ್ಲ. ಬಸ್ಸು ಏಡಿಯ ಹಾಗೆ ಓರೆಯಾಗಿ ಹೊರಟಿತು. ಮೇಸ್ತ್ರಿ ನನ್ನನ್ನು ಕೆರೆ ಏರಿಯ ಮಣ್ಣಿನ ದಾರಿಗೆ ಕರೆದುಕೊಂಡು ಹೋಗಿ ಗಾಲಿಯ ಗುರುತು ತೋರಿಸಿದರು. ಎರಡು ಗೆರೆ ಇರಬೇಕಾದ ಕಡೆ ನಾಲ್ಕು ಗೆರೆ. "ನಿನ್ನ ಸಹಿ ನೋಡು," ಎಂದರು. ಡ್ರೈವರಿಗೆ "ತಪ್ಪು ನಮ್ದು" ಎಂದು ಹೇಳಿ ಬಸ್ಸನ್ನು ವಾಪಸು ತರಿಸಿದರು. ನನ್ನ ಹೆಸರು ಹೇಳಲಿಲ್ಲ.

ಇನ್ನೊಂದು ಪಾವಗಡದ್ದು. ಆ ಕಡೆಯ ಓಬಳೇಶು ಎಂಬ ಡ್ರೈವರು ಒಂದು ವ್ಯಾನು ತಂದ. "ಎನಕ ಕೂಸುಂಟೇ ನಡುಮು ಇರಿಗಿಪೋತಾಂದಪ್ಪ," ಎಂದ. ಹಿಂದೆ ಕೂತವರ ಸೊಂಟ ಮುರಿಯುತ್ತಿದೆ ಎಂದು ತೆಲುಗಿನಲ್ಲಿ ದೂರು. ಜೊತೆಗೆ ಹಿಂದುಗಡೆ ದಡ ದಡ ಸದ್ದು. ನಾನು ಶಾಕ್ ಬಿಚ್ಚಿದೆ, ಕಮಾನು ಬಿಚ್ಚಿದೆ, ಎಲ್ಲ ಹೊಸ ಬುಷ್ಷು ಹಾಕಿದೆ. ಓಡಿಸಿದರೆ ಅದೇ ದಡ ದಡ. ಎರಡು ದಿನ ಆದ ಮೇಲೆ ಮೇಸ್ತ್ರಿ ಬಂದು ಹಿಂದಿನ ಸೀಟು ಎತ್ತಿದರು. ಕೆಳಗೆ ಒಂದು ಬೀಸುವ ಕಲ್ಲಿನ ಮೇಲಿನ ಹೋಳು. ಓಬಳೇಶು ತಲೆ ಕೆರೆದುಕೊಂಡ. ನಿಡುಗಲ್ಲಿನಲ್ಲಿರುವ ಅತ್ತೆ ಮನೆಗೆ ಕೊಡಬೇಕೆಂದು ಇಟ್ಟು ಮರೆತಿದ್ದನಂತೆ. ಅಂದಿನಿಂದ ನಾನು ಯಾವ ಗಾಡಿ ಬಂದರೂ ಮೊದಲು ಸೀಟು ಎತ್ತುತ್ತೇನೆ. ನೀವೂ ಎತ್ತಿ.

ಮೇಸ್ತ್ರಿಗೆ ಕಣ್ಣು ಮಂಜಾಗಿ ಕಾರ್ಖಾನೆ ಮುಚ್ಚಿದ ಮೇಲೆ ನಾನು ಮನೆಯ ಅಂಗಳದಲ್ಲೇ ಕೆಲಸ ಶುರು ಮಾಡಿದೆ. ಎಂಬತ್ತರ ಆಸುಪಾಸು. ಹೆಂಡತಿ ರಂಗಮ್ಮನಿಗೆ ರಾಗಿ ಒಣಗಿಸಲು ಜಾಗ ಹೋಯಿತು. "ನೀನು ಗಾಡಿ ತಿನ್ನು, ನಾನು ರಾಗಿ ತಿಂತೀನಿ," ಎಂದು ದಿನಾ ಅನ್ನುತ್ತಿದ್ದಳು. ಅಂದರೂ ಗಿರಾಕಿ ಬಂದರೆ ಕಾಫಿ ಇಟ್ಟವಳು ಅವಳೇ.

ಆ ಅಂಗಳಕ್ಕೆ ಡಾಕ್ಟರಮ್ಮನ ಕಾರು ಬಂತು.

ಡಾಕ್ಟರಮ್ಮ ಕೊರಟಗೆರೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗಡಿಯಾರ, ನಾಲಿಗೆ ಬಹಳ ಚುರುಕು. ವಾರದಲ್ಲಿ ಒಂದು ದಿನ ಮಧುಗಿರಿ, ಒಂದು ದಿನ ಪಾವಗಡಕ್ಕೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಹೊರದೇಶದ ಒಂದು ಹಳೆಯ ಕಾರು. ಚಿಕ್ಕ ಮೈ, ಅದಕ್ಕೆ ತೂಕಕ್ಕೆ ಮೀರಿದ ಎಂಜಿನ್ನು, ಡಿಕ್ಕಿಯ ಬದಲು ಹಿಂದುಗಡೆ ಪೂರಾ ಮೇಲೆತ್ತುವ ಒಂದು ಬಾಗಿಲು. ಕಾಲಿಟ್ಟರೆ ಜಿಂಕೆಯ ಹಾಗೆ ನೆಗೆಯುತ್ತಿತ್ತು. ಬಣ್ಣ ಹಾರಿಹೋಗಿತ್ತು, ವಯಸ್ಸಾಗಿತ್ತು, ಆದರೂ ನಮ್ಮ ಕಡೆಯ ಯಾವ ಕಾರೂ ಅದನ್ನು ಹಿಂದೆ ಹಾಕುತ್ತಿರಲಿಲ್ಲ. ಡಾಕ್ಟರಮ್ಮ ಹಾಗೆ ಓಡಿಸುತ್ತಿದ್ದರು.

"ಜುಂಜಣ್ಣ, ಇದರ ಹಿಂಭಾಗ ನನ್ನ ಮಾತು ಕೇಳ್ತಾ ಇಲ್ಲ. ಮುಂದಿಂದು ಒಂದು ಕಡೆ ಹೋದ್ರೆ ಹಿಂದಿಂದು ಯೋಚನೆ ಮಾಡಿ ಬರುತ್ತೆ," ಎಂದರು.

ಕಾರನ್ನು ಸೈಜುಗಲ್ಲಿನ ಮೇಲೆ ಏರಿಸಿ ಕೆಳಗೆ ಮಲಗಿ ನೋಡಿದೆ. ಹಿಂದಿನ ಎರಡು ಚಕ್ರಗಳನ್ನು ಎರಡು ಉಕ್ಕಿನ ತೋಳುಗಳು ಹಿಡಿದಿದ್ದವು. ಒಂದೊಂದು ತೋಳೂ ಎರಡೆರಡು ಬುಷ್ಷಿನ ಮೇಲೆ ಬಾಗಿಲ ಕೀಲಿನ ಹಾಗೆ ಮೇಲೆ ಕೆಳಗೆ ಆಡಬೇಕು. ಒಟ್ಟು ನಾಲ್ಕು ಬುಷ್ಷು. ಬುಷ್ಷು ಅಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಕೊಳವೆ, ನಡುವೆ ಅಂಟಿದ ರಬ್ಬರು. ನಾಲ್ಕರಲ್ಲೂ ರಬ್ಬರು ಪುಡಿಯಾಗಿತ್ತು. ಬೋಲ್ಟುಗಳು ತುಕ್ಕು ಹಿಡಿದು ಕೊಳವೆಗೆ ಬೆಸೆದುಕೊಂಡಿದ್ದವು. ಮೂರು ದಿನ ಸೀಮೆಎಣ್ಣೆ ಕುಡಿಸಿ, ಕಾಯಿಸಿ, ಬಡಿದು, ಒಂದನ್ನು ಗರಗಸದಲ್ಲಿ ಕೊಯ್ದು ತೆಗೆದೆ. ಶಾಕ್‌ಗಳನ್ನು ಸೀಳಿ, ತೊಳೆದು, ಹೊಸ ಎಣ್ಣೆ ತುಂಬಿಸಿ ಬೆಸುಗೆ ಹಾಕಿಸಿದೆ. ತೋಳುಗಳ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ಬಣ್ಣ ಬಳಿದೆ. ಉಳಿದದ್ದು ಬುಷ್ಷು. ಅದು ಬೆಂಗಳೂರಿನಲ್ಲೂ ಸಿಗಲಿಲ್ಲ. ಶಿರಾಕ್ಕೆ ಹೋಗಿ ಅಣ್ಣನ ಮುಂದೆ ಹಳೆಯದನ್ನು ಇಟ್ಟೆ.

ಅಣ್ಣ ಅದನ್ನು ಊಟ ಮಾಡುವಾಗಲೂ ಎಡಗೈಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಕೊಳವೆಗಳನ್ನು ಲೇತಿನಲ್ಲಿ ಕಡೆದ. ಎರಡು ಹೋಳಿನ ಒಂದು ಅಚ್ಚು ಮಾಡಿದ. ಹೆದ್ದಾರಿಯ ಪಕ್ಕದಲ್ಲಿ ಸವೆದ ಲಾರಿ ಟೈರಿಗೆ ಹೊಸ ರಬ್ಬರು ಕೂರಿಸುವ ರೀಸೋಲ್ ಅಂಗಡಿಯಿಂದ ಹಸಿ ರಬ್ಬರು ತಂದು ಅಚ್ಚಿಗೆ ತುಂಬಿ, ಅವರ ಆವಿ ಯಂತ್ರದಲ್ಲೇ ಬೇಯಿಸಿದ. ಹೊರಬಂದದ್ದನ್ನು ಹಿಡಿದು ನೋಡಿದರೆ ಕಂಪನಿಯದು ಯಾವುದು, ಅಣ್ಣನದು ಯಾವುದು ಹೇಳುವುದು ಕಷ್ಟ. ತೋಳಿಗೆ ತೂರಿಸುವಾಗ ಗ್ರೀಸ್ ಹಚ್ಚಬೇಡ, ಹರಳೆಣ್ಣೆ ಹಚ್ಚು, ಗ್ರೀಸ್ ರಬ್ಬರನ್ನು ತಿನ್ನುತ್ತದೆ ಎಂದು ಹೇಳಿಕೊಟ್ಟ.

"ಇದು ನಿಂತ್ರೆ ಲೇ ಜುಂಜ, ನಾನು ಪಂಪಿನ ಶಾಫ್ಟು ಕಡೆಯೋದು ಬುಟ್ಟು ಇದ್ನೇ ಮಾಡ್ತೀನಿ ಕಣ್ಲಾ. ನಾಕು ತಾಲ್ಲೂಕಲ್ಲಿ ಎಷ್ಟು ಹಳೇ ಗಾಡಿ ಅವೆ," ಎಂದ. ಅಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇಲ್ಲಿ ಕೆಲಸದ ಒಂದು ಮಾತು ಹೇಳಬೇಕು. ಇಂಥ ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಡಿ ಎತ್ತಿಟ್ಟಾಗ, ಚಕ್ರ ಜೋತುಬಿದ್ದಾಗ ಪೂರಾ ಬಿಗಿಸಬಾರದು. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಳಗೆ ಜನ ಕೂತು, ಅದು ರಸ್ತೆಯಲ್ಲಿ ನಿಲ್ಲುವಷ್ಟೇ ಎತ್ತರದಲ್ಲಿ ನಿಂತ ಮೇಲೆ ಬಿಗಿಸಬೇಕು. ಜೋತುಬಿದ್ದಾಗ ಬಿಗಿಸಿದರೆ, ಇಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಓಡಿ ಓಡಿ ಕಿತ್ತುಹೋಗುತ್ತದೆ. ಇದನ್ನು ಮೇಸ್ತ್ರಿ ಹೇಳಿಕೊಟ್ಟಿದ್ದರು, ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆ ಕಾರು ನೆಲಕ್ಕೆ ಎಷ್ಟು ಹತ್ತಿರ ಎಂದರೆ, ಇಳಿಸಿದ ಮೇಲೆ ಕೆಳಗೆ ಕೈ ಹೋಗುವುದಿಲ್ಲ. ಅಂಗಳದಲ್ಲಿ ಗುಂಡಿ ಇರಲಿಲ್ಲ. ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು ಎತ್ತರಕ್ಕೆ ನಿಲ್ಲಿಸಬೇಕು, ಅದಕ್ಕೆ ಇನ್ನೂ ಅರ್ಧ ದಿನ. ಡಾಕ್ಟರಮ್ಮ ಮರುದಿನ ಬೆಳಿಗ್ಗೆ ಬರುವವರಿದ್ದರು, ಹೊತ್ತು ಬೇಕಾದಷ್ಟಿತ್ತು. ಹೊತ್ತಿಲ್ಲ ಎಂದು ನಾನು ಎಲ್ಲೂ ಹೇಳುವ ಹಾಗಿಲ್ಲ. ನಿಜ ಏನೆಂದರೆ, ಬೆಳಕಿರುವಾಗಲೇ ಆ ಕಾರನ್ನು ಮಧುಗಿರಿ ಪೇಟೆಯಲ್ಲಿ ನಾನು ಓಡಿಸಬೇಕು, ಜನ ನೋಡಬೇಕು. ಅಷ್ಟೇ. ಜೋತುಬಿದ್ದಂತೆಯೇ ನಾಲ್ಕೂ ಬೋಲ್ಟು ಬಿಗಿಸಿ, ಇಳಿಸಿ, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಕಾರು ಹತ್ತಿದೆ. ಪೇಟೆಯಲ್ಲಿ ಎರಡು ಸುತ್ತು ಹೊಡೆದೆ. ಎರಡನೇ ಸುತ್ತು, ಮೊದಲ ಸುತ್ತಿನಲ್ಲಿ ನೋಡದವರಿಗಾಗಿ.

ಇಪ್ಪತ್ತು ದಿನಕ್ಕೆ ಪಾವಗಡದ ರಸ್ತೆಯ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಡಾಕ್ಟರಮ್ಮನನ್ನು ಕೇಳದೆ ಬೇರೆ ಕಡೆ ಹೊರಟಿತು. ಕಾರು ರಸ್ತೆ ಬಿಟ್ಟು ಕಡ್ಲೆಕಾಯಿ ಹೊಲಕ್ಕೆ ಇಳಿದು ಕತ್ತಾಳೆ ಬೇಲಿಗೆ ಒರಗಿ ನಿಂತಿತು. ಅವರ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿತ್ತು. ಅದಕ್ಕಿಂತ ಹೆಚ್ಚಿನದಾಗಲಿಲ್ಲ, ಆಗಬಹುದಿತ್ತು.

ಬುಷ್ಷುಗಳನ್ನು ಬಿಚ್ಚಿ ಶಿರಾಕ್ಕೆ ಒಯ್ದೆ. ಎರಡರಲ್ಲಿ ರಬ್ಬರು ಹರಿದು ಹೋಗಿತ್ತು, ಇನ್ನೆರಡರಲ್ಲಿ ಅರ್ಧ. ಶಿವಣ್ಣನವರು, ಕೆಲಸದವರು ಎಲ್ಲ ಸುತ್ತ ನಿಂತರು. ಅಣ್ಣ ತುಂಬಾ ಹೊತ್ತು ತಿರುಗಿಸಿ ನೋಡಿ ನನ್ನನ್ನು ಕೇಳಿದ.

"ಭಾರ ಕೂರಿಸ್ಕೊಂಡು ಬಿಗಿ ಮಾಡ್ದೆ ತಾನೇ?"

"ಹೂಂ," ಎಂದೆ.

ಅವನು ಎರಡನೇ ಸಲ ಕೇಳಲಿಲ್ಲ. "ಅಂಗಾದ್ರೆ ನನ್ನ ಪಾಕನೇ ತಪ್ಪೈತೆ. ಬೇಯಿಸಿದ್ದು ಸಾಲ್ದು," ಎಂದು ಶಿವಣ್ಣನವರ ಕಡೆ ತಿರುಗಿದ. ಶಿವಣ್ಣನವರು ಕೆಟ್ಟವರಲ್ಲ. "ಚಿತ್ತಯ್ಯ, ಕಬ್ಬಿಣ ಇದ್ದಂಗೆ ರಬ್ಬರ್ ಇರಲ್ಲ ಕಣಪ್ಪ. ಜನದ ಪ್ರಾಣದ ಮಾತು. ಇದು ಬ್ಯಾಡ ನಮಗೆ," ಎಂದರು. ಒಂದು ಅಕ್ಷರದ ಸುಳ್ಳು ಅಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ.

ಮುಗಿಯಲಿಲ್ಲ. ಅಣ್ಣ ಆ ಕಾರಿಗೆ ಹಿತ್ತಾಳೆಯ ಬುಷ್ಷು ಕಡೆದು ಕೊಟ್ಟ. ಅದು ಗಟ್ಟಿ, ಆದರೆ ಕಿರುಗುಟ್ಟುತ್ತಿತ್ತು. ಡಾಕ್ಟರಮ್ಮ ಬರುವುದು ಅರ್ಧ ಫರ್ಲಾಂಗಿನಿಂದಲೇ ರೋಗಿಗಳಿಗೆ ಕೇಳುತ್ತಿತ್ತು. ಹುಬ್ಬಿನ ಗಾಯ ಏನೆಂದು ಕೇಳಿದವರಿಗೆಲ್ಲ ಅವರು "ಶಿರಾ ಚಿತ್ತಯ್ಯನ ರಬ್ಬರ್ ಕೊಟ್ಟ ಪ್ರಸಾದ" ಎಂದು ನಗುತ್ತಾ ಹೇಳುತ್ತಿದ್ದರು. ಅವರಿಗೆ ಅದು ತಮಾಷೆ. ಆದರೆ ಡಾಕ್ಟರಮ್ಮನ ಬಾಯಿಂದ ಬಂದ ಮಾತು ನಾಲ್ಕು ತಾಲ್ಲೂಕು ಸುತ್ತಿತು. ಬುಷ್ಷಿಗೆಂದು ಅಣ್ಣನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ಒಬ್ಬರು ಬಂದಿದ್ದರು. ಅದನ್ನೂ ಬರೆಯಬೇಕು. ಎರಡು ವರ್ಷ ಆದ ಮೇಲೆ, ಹತ್ತಾರು ಬಸ್ಸು ಓಡಿಸುವ ಒಬ್ಬ ಮಾಲೀಕರು ಲೇತ್ ಅಂಗಡಿಗೆ ಬಂದು ತಮ್ಮ ಬಸ್ಸುಗಳಿಗೆಲ್ಲ ರಬ್ಬರ್ ಬುಷ್ಷು ಬೇಕು, ಇಲ್ಲೇ ಮಾಡಿಕೊಟ್ಟರೆ ಆ ಕೆಲಸ ಕಾಯಂ ಇಲ್ಲಿಗೇ ಕೊಡುತ್ತೇವೆ ಎಂದರು. ಅವರಿಗೆ ಹಳೆಯ ಸುದ್ದಿ ಗೊತ್ತಿರಲಿಲ್ಲ. ಆವತ್ತು ನಾನು ಅಲ್ಲೇ ಇದ್ದೆ. ಶಿವಣ್ಣನವರು ಅಣ್ಣನ ಮುಖ ನೋಡಿದರು. ಅಣ್ಣ "ರಬ್ಬರ್ ನನ್ನ ಕೈಗೆ ಒಗ್ಗಲ್ಲ ಸ್ವಾಮಿ," ಎಂದು ಹೇಳಿ ಲೇತಿನ ಕಡೆ ತಿರುಗಿಬಿಟ್ಟ. ನಾನು ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ನಿಂತಿದ್ದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಟೀ ಕುಡಿದೆ.

ಆ ವರ್ಷವೇ ನಾನು ಅಂಗಳದಲ್ಲಿ ಗುಂಡಿ ತೋಡಿದೆ. ಆಳೆತ್ತರ, ಎರಡೂ ಬದಿಗೆ ಕಲ್ಲು ಕಟ್ಟಿ. ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಕೆಳಗೆ ನಿಂತು ಕೆಲಸ ಮಾಡಬಹುದು. ನನ್ನ ಕೆಲಸ ಬಹಳ ಸುಧಾರಿಸಿತು, ಹೆಸರೂ ಬಂತು. ಹೆಸರು ಬಂದಷ್ಟೂ ಶಿರಾಕ್ಕೆ ಹೋಗುವುದು ಕಡಿಮೆ ಮಾಡಿದೆ.

ನಾಲ್ಕು ವರ್ಷಕ್ಕೆ ಹಿತ್ತಾಳೆ ಸವೆದು, ತೋಳುಗಳ ತೂತು ಅಗಲವಾಗಿ, ಅವನ್ನು ಕಾರಿನ ಮೈಗೆ ಹಿಡಿದಿದ್ದ ಉಕ್ಕಿನ ಪಟ್ಟಿ ಬಿರುಕು ಬಿಟ್ಟಿತು. ಡಾಕ್ಟರಮ್ಮ ಕಾರನ್ನು ಬೆಂಗಳೂರಿಗೆ ಒಯ್ದರು. ಅಲ್ಲಿ ಇದನ್ನು ಗುಜರಿಗೆ ಹಾಕಿ ಎಂದರಂತೆ. "ನನ್ನ ರೋಗೀನ ನಾನು ಗುಜರಿಗೆ ಹಾಕಲ್ಲ. ಹಿಂಭಾಗ ಪೂರಾ ಹೊಸದು ಮಾಡು. ಈ ಸಲ ಕಿರುಗುಟ್ಟಬಾರದು, ರಬ್ಬರೇ ಆಗ್ಬೇಕು," ಎಂದರು ನನಗೆ. ರಬ್ಬರು ಮಾಡುವವರು ಯಾರು ಎಂದೆ. "ಚಿತ್ತಯ್ಯ ಒಂದು ಸಲ ತಪ್ಪಿದ್ರೆ ಆಯ್ತಾ? ನಾನೂ ಎಷ್ಟೋ ಸಲ ತಪ್ಪಿದೀನಿ, ರೋಗಿಗಳು ಪುಣ್ಯಾತ್ಮರು, ಬದುಕ್ಕೊಂಡ್ರು," ಎಂದು ತಾವೇ ಶಿರಾಕ್ಕೆ ಹೋಗಿ ಅಣ್ಣನನ್ನು ಒಪ್ಪಿಸಿದರು. ಅಣ್ಣ ಒಂದು ಮಾತು ಹೇಳಿ ಒಪ್ಪಿದ. ಬಿಗಿಸುವ ದಿನ ತಾನೂ ಅಲ್ಲಿರಬೇಕು, ತನ್ನ ರಬ್ಬರು ಎಲ್ಲಿ ಸೋಲುತ್ತದೆ ಎಂದು ಕಣ್ಣಾರೆ ನೋಡಬೇಕು.

ಆ ಒಂದು ತಿಂಗಳು ನಾನು ಮಾಡಿದ ಕೆಲಸ ಇಡೀ ಬದುಕಿನಲ್ಲೇ ಎಲ್ಲಕ್ಕಿಂತ ಒಳ್ಳೆಯದು. ಬಿರುಕು ಬಿಟ್ಟ ಪಟ್ಟಿ ಕತ್ತರಿಸಿ ಹೊಸದು ಬೆಸೆದೆ. ತೋಳುಗಳ ತೂತಿಗೆ ಹೊಸ ಬಳೆ ಕೂರಿಸಿದೆ. ಸುಸ್ತಾದ ಸುರುಳಿ ಸ್ಪ್ರಿಂಗುಗಳ ಬದಲು ಬೇರೊಂದು ಗಾಡಿಯ ಸ್ಪ್ರಿಂಗನ್ನು ಒಂದೂವರೆ ಸುತ್ತು ಕತ್ತರಿಸಿ ಹೊಂದಿಸಿದೆ. ಬ್ರೇಕಿನ ಕೊಳವೆಯಿಂದ ಹಿಡಿದು ಒಂದೊಂದು ನಟ್ಟಿನವರೆಗೆ ತೊಳೆದು ಚಾಪೆಯ ಮೇಲೆ ಸಾಲಾಗಿ ಇಟ್ಟೆ. ರಂಗಮ್ಮ ನೋಡಿ "ಗೊಂಬೆ ಕೂರಿಸ್ದಂಗೆ ಕೂರಿಸಿದೀಯ," ಎಂದಳು.

ನಡುವೆ ಒಂದು ದಿನ ಶಿರಾಕ್ಕೆ ಹೋದೆ. ರೀಸೋಲ್ ಅಂಗಡಿಯ ಆವಿ ಯಂತ್ರದ ಮುಂದೆ ಅಣ್ಣ ಕೂತಿದ್ದ. ಪಕ್ಕದಲ್ಲಿ ಎರಡು ಸಲ ಬೇಯಿಸಿ ಬಿಸಾಕಿದ ಬುಷ್ಷುಗಳ ಗುಡ್ಡೆ. ಒಂದೊಂದನ್ನೂ ಕೊಯ್ದು ನೋಡಿದ್ದ. "ಎಲ್ಲಿ ತಪ್ಪೈತೆ ಅಂತ ಗೊತ್ತಾಗ್ತಿಲ್ಲ ಕಣ್ಲಾ. ಎಲ್ಲಾ ಸರಿಯಾಗೇ ಕಾಣ್ತೈತೆ. ಆದ್ರೆ ಆವತ್ತೂ ಸರಿಯಾಗೇ ಕಂಡಿತ್ತು," ಎಂದ. ಇಲ್ಲದ ತಪ್ಪನ್ನು ಅವನು ನಾಲ್ಕು ವರ್ಷದಿಂದ ಹುಡುಕುತ್ತಿದ್ದಾನೆ ಎಂದು ನನಗೆ ಆಗ ತಿಳಿಯಿತು. ಬಸ್ಸಿನಲ್ಲಿ ಮಧುಗಿರಿಗೆ ವಾಪಸು ಬರುವಾಗ ಪಕ್ಕದವರು ಎರಡು ಸಲ ಮಾತಾಡಿಸಿದರೂ ನನಗೆ ಕೇಳಲಿಲ್ಲ.

ಬಿಗಿಸುವ ದಿನ ಬಂತು. ಕಾರು ಗುಂಡಿಯ ಮೇಲೆ ತನ್ನ ಚಕ್ರದ ಮೇಲೆ ನಿಂತಿತ್ತು. ಭಾರಕ್ಕೆಂದು ಡಾಕ್ಟರಮ್ಮ ಸ್ಟೇರಿಂಗ್ ಮುಂದೆ ಕೂತರು, ಪಕ್ಕದಲ್ಲಿ ರಂಗಮ್ಮ, ಹಿಂದಿನ ಸೀಟಿನಲ್ಲಿ ಅಣ್ಣ.

"ಕಾರು ಹತ್ತಿದ್ದೂ ಆಯ್ತು, ಎಲ್ಲೂ ಹೋಗಂಗಿಲ್ಲ," ಎಂದಳು ರಂಗಮ್ಮ.

"ಸುಮ್ನೆ ಕೂತ್ಕೊಳಮ್ಮ, ನಿನ್ನ ತೂಕಕ್ಕೆ ಕರೆದಿರೋದು," ಎಂದರು ಡಾಕ್ಟರಮ್ಮ.

ನಾನು ಗುಂಡಿಗೆ ಇಳಿದೆ. ತಲೆಯ ಮೇಲೆ ಮೂವರ ಭಾರಕ್ಕೆ ಸ್ಪ್ರಿಂಗುಗಳು ಕುಗ್ಗಿ, ತೋಳುಗಳು ನೆಲಕ್ಕೆ ಸಮವಾಗಿ ನಿಂತಿದ್ದವು. ಮೊದಲ ಬೋಲ್ಟಿಗೆ ಪಾನಾ ಹಾಕಿದೆ. ಮೇಲಿನಿಂದ ಅಣ್ಣನ ದನಿ ಬಂತು.

"ಜುಂಜ, ಆವತ್ತೂ ಇಂಗೇ ಕೂರಿಸ್ಕೊಂಡೇ ಬಿಗಿ ಮಾಡಿದ್ದಾ?"

ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಹೇಳಲು ಆಯಿತು.

"ಇಲ್ಲ ಅಣ್ಣ. ಜೋತುಬಿದ್ದಂಗೇ ಬಿಗಿ ಮಾಡ್ದೆ. ಪ್ಯಾಟೇಲಿ ಕಾರು ಓಡಿಸ್ಬೇಕು ಅಂತ ಆಸೆ ಆಗಿತ್ತು. ನಿನ್ನ ಪಾಕ ಸರಿಯಾಗೇ ಇತ್ತು. ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಸ್ಪ್ರಿಂಗು ಒಂದು ಸಲ ಕಿರ್ರೆಂದಿತು. ಅಣ್ಣ ಇಳಿದು ಹೋಗಲು ಎದ್ದನೇನೋ. ಆಮೇಲೆ ಮತ್ತೆ ಭಾರ ಕೂತಿತು.

"ಮೊದ್ಲು ಬಿಗಿ ಮಾಡು. ನಾನು ಎದ್ರೆ ಗಾಡಿ ಮೇಲಕ್ಕೇಳ್ತೈತೆ," ಎಂದ.

ನಾಲ್ಕು ಬೋಲ್ಟನ್ನೂ ಬಿಗಿಸಿದೆ. ಅಷ್ಟು ಹೊತ್ತೂ ಅವನು ಅಲುಗಾಡದೆ ಕೂತಿದ್ದ. ಗುಂಡಿಯಿಂದ ಮೇಲೆ ಬಂದಾಗ ಅವನು ನನ್ನ ಕಡೆ ನೋಡಲಿಲ್ಲ. "ಡಾಕ್ಟರಮ್ಮ, ಗಾಡಿ ಶಿರಾಕ್ಕೆ ಬುಡಿ. ಇವ್ನೂ ಹತ್ಲಿ," ಎಂದ.

ಡಾಕ್ಟರಮ್ಮ ಕನ್ನಡಿಯಲ್ಲಿ ತಮ್ಮ ಹುಬ್ಬು ನೋಡಿಕೊಂಡರು. "ನಾಲ್ಕು ವರ್ಷ ಈ ಹೊಲಿಗೆ ಚಿತ್ತಯ್ಯಂದು ಅಂತ ಹೇಳ್ಕೊಂಡು ತಿರುಗಿದೀನಿ. ಈಗ ಎಲ್ರಿಗೂ ತಿರುಗಿ ಹೇಳ್ಬೇಕು. ನಿಂಗೆ ನಾಚ್ಕೆ ಆಗ್ಬೇಕು ಜುಂಜಣ್ಣ," ಎಂದರು. ಆಗುತ್ತಿದೆ ಅಮ್ಮ ಎಂದೆ. ರಂಗಮ್ಮ ಇಳಿಯಲಿಲ್ಲ. ಕೂತಿದ್ದು ಕೂತಿದ್ದೇ, ನಾನೂ ಶಿರಾ ನೋಡುತ್ತೇನೆ ಎಂದಳು.

ಶಿರಾದವರೆಗೆ ಕಾರು ಒಂದು ಸದ್ದೂ ಮಾಡಲಿಲ್ಲ. ಅಷ್ಟು ವೇಗದಲ್ಲೂ ಹಿಂಭಾಗ ಮುಂಭಾಗದ ಹಿಂದೆ ನೆರಳಿನ ಹಾಗೆ ಬಂತು. ಅಂಥ ಹೊತ್ತಿನಲ್ಲೂ ನನಗೆ ಅದರಿಂದ ಸಂತೋಷವಾಯಿತು ಎಂದು ಬರೆಯದಿದ್ದರೆ ಅದೂ ಸುಳ್ಳಾಗುತ್ತದೆ.

ಲೇತ್ ಅಂಗಡಿಯಲ್ಲಿ ಟೀ ಹೊತ್ತು. ಆವತ್ತು ಹರಿದ ಬುಷ್ಷು ಇಟ್ಟಿದ್ದ ಮೇಜಿನ ಪಕ್ಕವೇ ಅಣ್ಣ ನನ್ನನ್ನು ನಿಲ್ಲಿಸಿ "ಹೇಳು," ಎಂದ. ಹೇಳಿದೆ. ಶಿವಣ್ಣನವರು ಲೋಟ ಕೆಳಗಿಟ್ಟರು. "ಇವ್ನಿಗೆ ಕೇಳಿಸ್ನಿಲ್ಲ, ಬೆಲ್ಟಿನ ಸದ್ದು. ಇನ್ನೊಂದ್ ಸಲ ಹೇಳು," ಎಂದು ಅಣ್ಣ ಮೂಲೆಯ ಯಂತ್ರದವನನ್ನು ತೋರಿಸಿದ. ಇನ್ನೊಂದು ಸಲ ಹೇಳಿದೆ. ಅಷ್ಟರಲ್ಲಿ ರೀಸೋಲ್ ಅಂಗಡಿಯವನು ಬಂದ. ಅವನಿಗಾಗಿ ಮೂರನೇ ಸಲ. ಮೂರನೇ ಸಲಕ್ಕೆ, ತಲೆ ಬಾಚಿಕೊಂಡದ್ದನ್ನೂ ಹೇಳಿದೆ. ಯಾರೋ ನಕ್ಕರು. ಅಣ್ಣ ನಗಲಿಲ್ಲ.

ಶಿವಣ್ಣನವರು ನಿಧಾನವಾಗಿ "ಆ ಬಸ್ಸಿನವ್ರು ಈಗ ತುಮಕೂರಲ್ಲಿ ಮಾಡಿಸ್ತಾರೆ. ಇನ್ನು ಬರಲ್ಲ," ಎಂದರು. ಅವರು ಬರಲಿಲ್ಲ. ಅದನ್ನು ನನ್ನ ಯಾವ ಮಾತೂ ತಿರುಗಿ ತರಲಿಲ್ಲ. ಹಾಗೆ ಹೋದದ್ದು ಹೋದ ಹಾಗೆಯೇ ಇದೆ.

ಆದರೆ ಅಣ್ಣ ರಬ್ಬರ್ ಕೆಲಸ ಮತ್ತೆ ಶುರು ಮಾಡಿದ. ಡಾಕ್ಟರಮ್ಮ ಹೊಸ ಕಥೆಯನ್ನು ಹಳೆಯದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು, ಅದೂ ನಾಲ್ಕು ತಾಲ್ಲೂಕು ಸುತ್ತಿತು. ಹಳೆಯ ಜೀಪು, ವ್ಯಾನು, ಟ್ರಾಕ್ಟರ್ ಟ್ರೇಲರುಗಳಿಗೆ ಜನ ಬುಷ್ಷು ಕೇಳಿಕೊಂಡು ಬಂದರು. ಆ ಕಾರು ಡಾಕ್ಟರಮ್ಮ ಓಡಿಸಿದಷ್ಟು ವರ್ಷವೂ ಅದೇ ನಾಲ್ಕು ಬುಷ್ಷಿನ ಮೇಲೆ ಓಡಿತು.

ಅಣ್ಣ ಐದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆರನೇ ತಿಂಗಳು ನಾನು ಒಂದು ಜೀಪಿಗೆ ಬುಷ್ಷು ಬೇಕೆಂದು ಹೇಳಿ ಕಳಿಸಿದೆ. ಶಿರಾ ಬಸ್ಸಿನಲ್ಲಿ ಪೊಟ್ಟಣ ಬಂತು. ಮಧುಗಿರಿ ನಿಲ್ದಾಣದಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು, ಬಸ್ಸಿನವರಿಗೆಲ್ಲ ಕೇಳುವ ಹಾಗೆ, "ಜುಂಜಣ್ಣ, ಭಾರ ಕೂರಿಸ್ಕೊಂಡು ಬಿಗಿ ಮಾಡ್ಬೇಕಂತೆ, ನಿಮ್ಮಣ್ಣ ಹೇಳಿ ಕಳಿಸವ್ರೆ," ಎಂದು ಕೂಗಿದ. ಆಯಿತು ಎಂದು ಹೇಳಿ ಎಂದೆ. ಮರು ಸಲ ಬಂದಾಗ ಅವನು ನಗುತ್ತಾ ಹೇಳಿದ: "ಆಯ್ತು ಅಂದ್ರು ಅಂತ ಹೇಳ್ದೆ. ಅವ್ನು ಆಯ್ತು ಅಂತಾನೆ, ಯಾರು ಕೂತಿದ್ರು ಅಂತ ಕೇಳು ಅಂದ್ರು."

ನನಗೆ ಕೋಪ ಬರಲಿಲ್ಲ. ಕೇಳುವ ಹಕ್ಕು ಅವನಿಗಿತ್ತು. ಒಂದು ಚೀಟಿಯಲ್ಲಿ ಬರೆದು ಕಳಿಸಿದೆ: ಜೀಪಿನಲ್ಲಿ ಕೂತವರು ರಂಗಮ್ಮ, ಅಂಚೆ ನಂಜಪ್ಪ, ಮೊಸರು ಮಾರುವ ಕೆಂಪಕ್ಕ. ಅಂದಿನಿಂದ ಅಣ್ಣನ ಬುಷ್ಷು ಹಾಕಿದ ಪ್ರತಿ ಗಾಡಿಗೂ ಭಾರಕ್ಕೆ ಕೂತವರ ಹೆಸರನ್ನು ಚೀಟಿಯಲ್ಲಿ ಬರೆದು ಶಿರಾ ಬಸ್ಸಿಗೆ ಕೊಡುವುದು ನನ್ನ ಕೆಲಸದ ಕೊನೆಯ ಹಂತವಾಯಿತು. ನಮ್ಮ ಬೀದಿಯಲ್ಲಿ ನನ್ನ ಗಾಡಿಗಳಲ್ಲಿ ಕೂರದ ಮನೆಯೇ ಇಲ್ಲ. ಒಂದು ಸಲ ಉತ್ತರ ಬಂತು: "ಕೆಂಪಕ್ಕ ಮಧ್ಯೆ ಎದ್ದು ಹೋಗಿರ್ತಾಳೆ. ಅವಳಿಗೆ ಒಂದು ಕಡೆ ಕೂರಕ್ಕೆ ಆಗಲ್ಲ. ಬೇರೆಯವರನ್ನ ಕೂರಿಸು." ಅಣ್ಣನ ಕೈಬರಹ. ಆ ಚೀಟಿಯನ್ನು ರಂಗಮ್ಮನಿಗೆ ಓದಿ ಹೇಳಿದೆ, ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅವನು ನನ್ನನ್ನು ಮತ್ತೆ ನಂಬಿದನೋ ಇಲ್ಲವೋ ನಾನು ಕೇಳಲಿಲ್ಲ. ಹಬ್ಬಕ್ಕೆ ಬರುತ್ತಿದ್ದ, ನಮ್ಮ ಮನೆಯಲ್ಲಿ ಉಣ್ಣುತ್ತಿದ್ದ, ಗುಂಡಿಯಲ್ಲಿ ಇಳಿದು ನನ್ನ ಕೆಲಸ ನೋಡಿ ಒಂದೊಂದು ಸಲ ತಲೆಯಾಡಿಸುತ್ತಿದ್ದ. ಆದರೆ ಚೀಟಿ ಸಾಕು ಎಂದು ಅವನು ಹೇಳಲಿಲ್ಲ. ನಾನು ಪಾನಾ ಕೆಳಗಿಡುವವರೆಗೂ ಕಳಿಸುವುದನ್ನು ನಿಲ್ಲಿಸಲಿಲ್ಲ.